ಉಪ್ಪು ತೊಳೆದು ಹೋಗುವವರೆಗೆ: ಹಳೇ ಸೈಕಲ್ಲುಗಳ ಚಳಿಗಾಲ

ಅಮೆರಿಕದ ಮಿನ್ನೆಸೋಟ ಮತ್ತು ವಿಸ್ಕಾನ್ಸಿನ್ ರಾಜ್ಯಗಳ ಗಡಿಯಲ್ಲಿ ಮಿಸಿಸಿಪ್ಪಿ ನದಿ ಒಂದು ಕಡೆ ಅಗಲವಾಗಿ ಹರಡಿಕೊಂಡು ಕೆರೆಯಂತಾಗಿದೆ. ಅದರ ಹೆಸರು ಪೆಪಿನ್. ಉದ್ದ ಸುಮಾರು 22 ಮೈಲಿ, ಅಗಲ ಎರಡು ಮೈಲಿ ಆಸುಪಾಸು. ಚಳಿಗಾಲದಲ್ಲಿ ಈ ಕೆರೆ ಗಟ್ಟಿಯಾಗುತ್ತದೆ. ಎಷ್ಟು ಗಟ್ಟಿ ಅಂದರೆ, ಜನ ಅದರ ಮೇಲೆ ನಡೆದುಹೋಗಿ, ಮಂಜುಗಡ್ಡೆಗೆ ತೂತು ಕೊರೆದು, ಗಾಳ ಇಳಿಬಿಟ್ಟು ಮೀನು ಹಿಡಿಯುತ್ತಾರೆ. ಫೆಬ್ರವರಿಯಿಂದ ಅಲ್ಲಿನ ಸೈನ್ಯದ ಎಂಜಿನಿಯರುಗಳು ಬಂದು ಮಂಜುಗಡ್ಡೆಯ ದಪ್ಪ ಅಳೆಯುತ್ತಾರೆ. ಈ ಕೆರೆ ದಾಟಿಕೊಂಡು ಮೊದಲ ಸರಕಿನ ದೋಣಿ ಸೇಂಟ್ ಪಾಲ್ ನಗರ ಮುಟ್ಟಿದ ದಿನ ನದಿಯ ಸೀಸನ್ ಶುರುವಾಯಿತು ಅಂತ ಲೆಕ್ಕ. ಸಾಮಾನ್ಯವಾಗಿ ಅದು ಮಾರ್ಚ್ ತಿಂಗಳಲ್ಲಿ.

ದೋಣಿಯವರ ಹಾಗೆಯೇ ಈ ಕೆರೆಯ ದಾರಿ ಕಾಯುವ ಇನ್ನೊಂದು ಗುಂಪಿದೆ. ಅವರು ಹಳೇ ಸೈಕಲ್ ಇಟ್ಟುಕೊಂಡವರು. 2003ರಿಂದ ಮೇ ತಿಂಗಳಲ್ಲಿ ಈ ಕೆರೆಯ ಸುತ್ತ ಮೂರು ಗೇರಿನ ಸೈಕಲ್ಲುಗಳ ಸವಾರಿ ನಡೆಯುತ್ತ ಬಂದಿದೆ. ರೆಡ್ ವಿಂಗ್ ಎಂಬ ಊರಿನಿಂದ ಹೊರಟು, ವಿಸ್ಕಾನ್ಸಿನ್ ಕಡೆಯ ದಡದಲ್ಲಿ ಮೇಡನ್ ರಾಕ್, ಸ್ಟಾಕ್‌ಹೋಮ್, ಪೆಪಿನ್ ಎಂಬ ಸಣ್ಣ ಊರುಗಳನ್ನು ಹಾದು, ಸೇತುವೆ ದಾಟಿ ವಬಾಶಾದಲ್ಲಿ ರಾತ್ರಿ ಉಳಿದು, ಮಾರನೇ ದಿನ ಈಚೆ ದಡದಲ್ಲಿ ವಾಪಸ್. ಎರಡು ದಿನಕ್ಕೆ ಸುಮಾರು 85 ಮೈಲಿ. ರೇಸ್ ಅಲ್ಲ, ಮೊದಲು ಬಂದವರಿಗೆ ಬಹುಮಾನ ಇಲ್ಲ. ದಾರಿಯಲ್ಲಿ ನಿಲ್ಲಿಸಿ, ಸಣ್ಣ ಸ್ಟೌ ಹಚ್ಚಿ ಟೀ ಕಾಯಿಸಿ ಕುಡಿಯುವುದು ಸವಾರಿಯ ಮುಖ್ಯ ಕಾರ್ಯಕ್ರಮಗಳಲ್ಲಿ ಒಂದು.

ಎಂಥ ಸೈಕಲ್ಲು ಅಂತ ಕೇಳಿದರೆ ನಮ್ಮ ಊರಿನ ಯಾರಿಗೂ ವಿವರಿಸುವ ಕಷ್ಟವೇ ಇಲ್ಲ. ಕರಿ ಬಣ್ಣ ಅಥವಾ ಕಡು ಹಸಿರು. ನೆಟ್ಟಗೆ ಕೂರುವ ಹ್ಯಾಂಡಲ್. ಸ್ಪ್ರಿಂಗ್ ಇರುವ ಚರ್ಮದ ಸೀಟು. ಕೆಲವಕ್ಕೆ ಪೂರ್ತಿ ಮುಚ್ಚಿದ ಚೈನ್ ಕವರ್, ಕೆಲವಕ್ಕೆ ವೈರಿನ ಬದಲು ಕಬ್ಬಿಣದ ಸರಳಿನಿಂದ ಎಳೆಯುವ ಬ್ರೇಕ್. ಹೌದು, ನಿಮ್ಮ ಅಜ್ಜ ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗುತ್ತಿದ್ದ, ನೀವು ಒಳಪೆಡಲ್ ತುಳಿದು ಮಂಡಿ ಕೆತ್ತಿಸಿಕೊಂಡ ಅದೇ ಸೈಕಲ್ಲು. ಅದರ ಅಣ್ಣ ಅನ್ನಿ. ನಮ್ಮಲ್ಲಿ ಗುಜರಿಗೆ ಕೆಜಿ ಲೆಕ್ಕದಲ್ಲಿ ಹೋಗುತ್ತಿರುವ ಈ ಸೈಕಲ್ಲನ್ನು ಅಲ್ಲಿ ಆರು ತಿಂಗಳು ಮನೆಯೊಳಗೆ ಬೆಚ್ಚಗೆ ಇಟ್ಟು ಸಾಕುತ್ತಾರೆ.

ಆರು ತಿಂಗಳು ಏಕೆ? ಜನವರಿ ರಾತ್ರಿಗಳಲ್ಲಿ ಮಿನ್ನೆಸೋಟದ ಚಳಿ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗಿರುವುದು ಮಾಮೂಲು. ಆದರೆ ಚಳಿಗೆ ಹೆದರಿ ಅಲ್ಲ. ಮಿನಿಯಾಪೊಲಿಸ್ ನಗರದಲ್ಲಿ ಹಿಮ ಬಿದ್ದ ಮೇಲೂ ಸೈಕಲ್ ತುಳಿದು ಕೆಲಸಕ್ಕೆ ಹೋಗುವವರು ಇದ್ದಾರೆ. ಟೈರಿಗೆ ಲೋಹದ ಮೊಳೆ ಹಾಕಿಸಿಕೊಳ್ಳುತ್ತಾರೆ. ಹಿಮದ ಮೇಲೆ ಓಡಲೆಂದೇ ದಪ್ಪ ಟೈರಿನ ಸೈಕಲ್ಲನ್ನು 2005ರಲ್ಲಿ ಮಾರುಕಟ್ಟೆಗೆ ತಂದ ಸರ್ಲಿ ಕಂಪನಿ ಕೂಡ ಅದೇ ರಾಜ್ಯದ್ದು. ಹಳೇ ಸೈಕಲ್ಲಿನವರ ಶತ್ರು ಹಿಮ ಅಲ್ಲ, ಉಪ್ಪು.

ರಸ್ತೆಯ ಮೇಲಿನ ಮಂಜುಗಡ್ಡೆ ಕರಗಲಿ ಅಂತ ಅಲ್ಲಿ ಲಾರಿಗಳಲ್ಲಿ ಉಪ್ಪು ತಂದು ಸುರಿಯುತ್ತಾರೆ. ನಾವು ಅಡುಗೆಗೆ ಹಾಕುವ ಅದೇ ಸೋಡಿಯಂ ಕ್ಲೋರೈಡ್. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಗಟ್ಟಿಯಾಗುವುದಿಲ್ಲ, ಇನ್ನೂ ಕೆಳಗೆ ಹೋಗಬೇಕು. ಹಾಗಾಗಿ ರಸ್ತೆ ಬಿಡುವಾಗುತ್ತದೆ, ಕಾರು ಜಾರುವುದಿಲ್ಲ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಕಾರು ಹೆಚ್ಚಿದಂತೆ ಈ ಪದ್ಧತಿಯೂ ಬೆಳೆಯಿತು. ಆ ಉಪ್ಪುನೀರು ಕಬ್ಬಿಣಕ್ಕೆ ಏನು ಮಾಡುತ್ತದೆ ಅಂತ ನಮ್ಮ ಕಾರವಾರ, ಉಡುಪಿ ಕಡೆಯವರಿಗೆ ಹೇಳಬೇಕಿಲ್ಲ. ಕಡಲ ಗಾಳಿಗೆ ಎರಡೇ ವರ್ಷದಲ್ಲಿ ಮಡ್‌ಗಾರ್ಡ್ ಜರಡಿಯಾಗುವುದನ್ನು ಅವರು ನೋಡಿದ್ದಾರೆ. ಐವತ್ತು ಅರವತ್ತು ವರ್ಷ ಉಳಿದುಬಂದ ಕ್ರೋಮ್ ರಿಮ್ಮು ಒಂದೇ ಚಳಿಗಾಲದ ಉಪ್ಪಿಗೆ ಚುಕ್ಕೆ ಚುಕ್ಕೆ ತುಕ್ಕು ಹಿಡಿಯುತ್ತದೆ.

ಅದಕ್ಕೇ ಹಿಮ ಕರಗಿದ ಮರುದಿನವೇ ಯಾರೂ ಹಳೇ ಸೈಕಲ್ಲನ್ನು ಹೊರಗೆ ತೆಗೆಯುವುದಿಲ್ಲ. ರಸ್ತೆ ಒಣಗಿದ್ದರೂ ಅಂಚಿನಲ್ಲಿ ಬಿಳಿ ಪುಡಿ ಕೂತಿರುತ್ತದೆ. ಏಪ್ರಿಲ್ ತಿಂಗಳಲ್ಲಿ ಎರಡು ಮೂರು ಒಳ್ಳೇ ಮಳೆ ಬಿದ್ದು ರಸ್ತೆ ತೊಳೆದ ಮೇಲೆಯೇ ಸವಾರಿ. ನಾವು ಮುಂಗಾರು ಬಂತಾ ಅಂತ ಮೋಡ ನೋಡಿದರೆ ಅವರು ಉಪ್ಪು ಹೋಯಿತಾ ಅಂತ ರಸ್ತೆ ನೋಡುತ್ತಾರೆ.

ಚಳಿಗೂ ಸೈಕಲ್ಲಿಗೂ ಇರುವ ಸಂಬಂಧ ಇವತ್ತಿನದಲ್ಲ. ಸೈಕಲ್ ಹುಟ್ಟಿದ್ದೇ ಒಂದು ಕೆಟ್ಟ ಚಳಿಯಿಂದ ಎಂಬ ವಾದ ಇದೆ. 1815ರ ಏಪ್ರಿಲ್‌ನಲ್ಲಿ ಈಗಿನ ಇಂಡೋನೇಷ್ಯಾದ ತಂಬೊರಾ ಜ್ವಾಲಾಮುಖಿ ಸಿಡಿಯಿತು. ಅದರ ಬೂದಿ, ಗಂಧಕದ ಹೊಗೆ ಆಕಾಶ ಸೇರಿ, 1816ರಲ್ಲಿ ಯುರೋಪಿಗೂ ಅಮೆರಿಕದ ಈಶಾನ್ಯ ಭಾಗಕ್ಕೂ ಬೇಸಿಗೆಯೇ ಬರಲಿಲ್ಲ. ಬೆಳೆ ಹೋಯಿತು, ಕುದುರೆಗೆ ಹಾಕುವ ಓಟ್ಸ್ ದುಬಾರಿಯಾಯಿತು. ಮರುವರ್ಷ, 1817ರ ಜೂನ್ 12ರಂದು ಜರ್ಮನಿಯ ಮಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಎಂಬಾತ ಎರಡು ಚಕ್ರದ ಮರದ ಗಾಡಿಯನ್ನು ಕಾಲಿನಿಂದ ನೆಲ ಒದೆಯುತ್ತ ಓಡಿಸಿ ತೋರಿಸಿದ. ಪೆಡಲ್ ಇಲ್ಲ, ಚೈನ್ ಇಲ್ಲ, ಆದರೂ ಸೈಕಲ್ಲಿನ ಮೂಲಪುರುಷ ಅದೇ. ಮೇವಿಲ್ಲದೆ ಕುದುರೆ ಸತ್ತದ್ದಕ್ಕೇ ಡ್ರೈಸ್ ಇದನ್ನು ಮಾಡಿದ ಎಂದು ಕೆಲವರು, ಅದಕ್ಕೆ ನೇರ ಸಾಕ್ಷಿ ಇಲ್ಲ ಎಂದು ಇನ್ನು ಕೆಲವರು. ನನಗೆ ಎರಡನೆಯವರ ಮಾತು ಸರಿ ಅನಿಸುತ್ತದೆ. ಆದರೂ ಕತೆ ಚೆನ್ನಾಗಿದೆ, ಬಿಡಲು ಮನಸ್ಸಾಗುವುದಿಲ್ಲ.

ಮುಂದಿನದು ಬೇಗ ಹೇಳಿಬಿಡುತ್ತೇನೆ. 1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರ ಹೆಚ್ಚುಕಡಿಮೆ ಒಂದೇ ಅಳತೆಯ, ಹಿಂದಿನ ಚಕ್ರಕ್ಕೆ ಚೈನ್ ಕಟ್ಟಿದ 'ರೋವರ್' ಸೈಕಲ್ ತಂದ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಈ ಎರಡು ಸೇರಿದ ಮೇಲೆ 1890ರ ದಶಕದಲ್ಲಿ ಅಮೆರಿಕಕ್ಕೆ ಸೈಕಲ್ ಹುಚ್ಚು ಹಿಡಿಯಿತು.

ಹುಚ್ಚು ಹಿಡಿದವರಿಗೂ ಚಳಿಗಾಲ ಬರುತ್ತಿತ್ತಲ್ಲ. ಆಗ ಒಳಾಂಗಣಕ್ಕೆ ಹೋಗುತ್ತಿದ್ದರು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮರದ ಹಲಗೆಯ ಟ್ರ್ಯಾಕ್ ಹಾಕಿ, ಆರು ದಿನ ಹಗಲು ರಾತ್ರಿ ಸೈಕಲ್ ತುಳಿಯುವ ಸ್ಪರ್ಧೆ 1891ರಿಂದ ನಡೆಯಿತು. ಒಬ್ಬನೇ ಮನುಷ್ಯ, ಆರು ದಿನ. ನಿದ್ದೆಗೆಟ್ಟು ಸವಾರರಿಗೆ ಇಲ್ಲದ್ದೆಲ್ಲ ಕಾಣಿಸುತ್ತಿತ್ತು. ನೋಡಲು ಸಾವಿರಾರು ಜನ ದುಡ್ಡು ಕೊಟ್ಟು ಬರುತ್ತಿದ್ದರು. ನಮ್ಮ ಊರ ಜಾತ್ರೆಗಳಲ್ಲಿ ಹಗಲೂ ರಾತ್ರಿ ಸೈಕಲ್ಲಿನಿಂದ ಇಳಿಯದೆ ಮೈದಾನ ಸುತ್ತುತ್ತಿದ್ದ ಸೈಕಲ್ ಸರ್ಕಸ್ಸಿನವರನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. 1896ರ ಡಿಸೆಂಬರ್‌ನಲ್ಲಿ ಈ ಸ್ಪರ್ಧೆಗೆ ಮೇಜರ್ ಟೇಲರ್ ಎಂಬ ಹದಿನೆಂಟು ವರ್ಷದ ಕಪ್ಪು ಹುಡುಗ ಇಳಿದ. ಸುಮಾರು 1,700 ಮೈಲಿ ತುಳಿದು ಎಂಟನೆಯವನಾದ. ಸ್ಪರ್ಧೆಯ ಕ್ರೌರ್ಯಕ್ಕೆ ಬೇಸತ್ತು 1898ರ ಹೊತ್ತಿಗೆ ಒಬ್ಬ ಸವಾರ ದಿನಕ್ಕೆ ಹನ್ನೆರಡು ಗಂಟೆಗಿಂತ ಹೆಚ್ಚು ತುಳಿಯಬಾರದು ಎಂದು ಕಾನೂನು ಬಂತು. ಸಂಘಟಕರು ಕೂಡಲೇ ಇಬ್ಬಿಬ್ಬರ ಜೋಡಿ ಮಾಡಿದರು. ಒಲಿಂಪಿಕ್ಸ್‌ನಲ್ಲಿ ಈಗಲೂ ನಡೆಯುವ 'ಮ್ಯಾಡಿಸನ್' ಎಂಬ ಜೋಡಿ ರೇಸಿನ ಹೆಸರು ಆ ಕಟ್ಟಡದ್ದೇ.

ಟೇಲರ್ 1899ರಲ್ಲಿ ಮಾಂಟ್ರಿಯಲ್‌ನಲ್ಲಿ ಒಂದು ಮೈಲಿ ಓಟದ ವಿಶ್ವ ಚಾಂಪಿಯನ್ ಆದ. ತನ್ನ ದೇಶದಲ್ಲೇ ಹಲವು ಟ್ರ್ಯಾಕ್‌ಗಳಿಗೆ ಆತನನ್ನು ಬಣ್ಣದ ಕಾರಣಕ್ಕೆ ಬಿಡುತ್ತಿರಲಿಲ್ಲ, ಬಿಟ್ಟ ಕಡೆ ಬಿಳಿಯ ಸವಾರರು ಸೇರಿಕೊಂಡು ಅಡ್ಡ ಹಾಕುತ್ತಿದ್ದರು. ಉತ್ತರದಲ್ಲಿ ಚಳಿಗಾಲ ಇರುವಾಗ ಆಸ್ಟ್ರೇಲಿಯಾದಲ್ಲಿ ಬೇಸಿಗೆ ತಾನೆ? 1902ರ ಕೊನೆಗೆ ಅಲ್ಲಿಗೆ ಹಡಗು ಹತ್ತಿ ಹೋಗಿ ರೇಸ್ ಮಾಡಿ ಬಂದ. ಇಷ್ಟೆಲ್ಲ ಗೆದ್ದವನು 1932ರಲ್ಲಿ ಷಿಕಾಗೊದಲ್ಲಿ ಬಡವನಾಗಿ ಸತ್ತ. ಗುರುತಿಲ್ಲದ ಗುಂಡಿಯಲ್ಲಿ ಹೂತರು. 1948ರಲ್ಲಿ ಹಳೇ ಸವಾರರ ಗುಂಪೊಂದು ಸೈಕಲ್ ಕಂಪನಿಯ ಮಾಲೀಕ ಫ್ರಾಂಕ್ ಶ್ವಿನ್ ಕೊಟ್ಟ ಹಣದಿಂದ ಆತನ ದೇಹವನ್ನು ತೆಗೆದು, ಅದೇ ಸ್ಮಶಾನದ ಒಳ್ಳೆಯ ಜಾಗದಲ್ಲಿ ಮತ್ತೆ ಮಣ್ಣು ಮಾಡಿ ಕಲ್ಲು ನೆಟ್ಟಿತು.

ಚಳಿಗಾಲದಲ್ಲಿ ಖಾಲಿ ಕೂತ ಸೈಕಲ್ ಅಂಗಡಿಯವರ ದೊಡ್ಡ ಕತೆ ಒಂದಿದೆ. ಒಹಾಯೊ ರಾಜ್ಯದ ಡೇಟನ್ ಊರಿನಲ್ಲಿ ಅಣ್ಣತಮ್ಮ ಇಬ್ಬರು 1892ರಲ್ಲಿ ಸೈಕಲ್ ಅಂಗಡಿ ತೆರೆದರು. ಮಾರಾಟ, ಬಾಡಿಗೆ, ರಿಪೇರಿ. 1896ರಿಂದ ತಮ್ಮದೇ ಹೆಸರಿನ ಸೈಕಲ್ಲುಗಳನ್ನೂ ಮಾಡತೊಡಗಿದರು. ವಸಂತ, ಬೇಸಿಗೆಯಲ್ಲಿ ಕೈತುಂಬ ಕೆಲಸ. ಚಳಿ ಶುರುವಾದರೆ ಗಿರಾಕಿ ಇಲ್ಲ. ಆ ಬಿಡುವಿನಲ್ಲಿ ಅವರು ಬೇರೆ ಒಂದು ಕೆಲಸ ಹಚ್ಚಿಕೊಂಡರು. ಸೈಕಲ್ಲಿನ ಹ್ಯಾಂಡಲ್ ಮುಂದೆ ಇನ್ನೊಂದು ಚಕ್ರವನ್ನು ಅಡ್ಡ ಮಲಗಿಸಿ ಕಟ್ಟಿ, ಅದರ ಮೇಲೆ ಸಣ್ಣ ರೆಕ್ಕೆ ನಿಲ್ಲಿಸಿ, ಬೀದಿಯಲ್ಲಿ ಜೋರಾಗಿ ತುಳಿದು ಗಾಳಿ ಎಷ್ಟು ಎತ್ತುತ್ತದೆ ಅಂತ ನೋಡಿದರು. 1901ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅಂಗಡಿಯೊಳಗೇ ಗಾಳಿ ಸುರಂಗ ಮಾಡಿಕೊಂಡು ನೂರಾರು ರೆಕ್ಕೆಗಳ ನಮೂನೆ ಪರೀಕ್ಷಿಸಿದರು. ಮುಂದಿನ ಚಳಿಗಾಲದಲ್ಲಿ ಅವರ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಒಂದು ಎಂಜಿನ್ ಮಾಡಿಕೊಟ್ಟ. ಎಂಜಿನ್ನಿನಿಂದ ಫ್ಯಾನಿಗೆ ಶಕ್ತಿ ಹೋಗುವುದು ಚೈನ್ ಮತ್ತು ಹಲ್ಲು ಚಕ್ರದಿಂದ, ಸೈಕಲ್ಲಿನ ಹಾಗೇ. 1903ರ ಡಿಸೆಂಬರ್ 17ರಂದು ಅದು ಹಾರಿತು. ರೈಟ್ ಸಹೋದರರು ಅಂದರೆ ನಮಗೆ ವಿಮಾನ ಮಾತ್ರ ನೆನಪು. ಅವರು ಕೈಯಾರೆ ಮಾಡಿದ ಸೈಕಲ್ಲುಗಳು ಇವತ್ತು ಪ್ರಪಂಚದಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ.

ಇನ್ನು ಪೆಪಿನ್ ಕೆರೆಯ ಸೈಕಲ್ಲಿಗೆ ಬರೋಣ. ಅದರ ತವರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್. ಅಲ್ಲಿನ ರಾಲೇ ಸ್ಟ್ರೀಟ್ ಎಂಬ ಬೀದಿಯಲ್ಲಿ ಸಣ್ಣ ಸೈಕಲ್ ವರ್ಕ್‌ಶಾಪ್ ಇತ್ತು. ಫ್ರಾಂಕ್ ಬೌಡನ್ ಎಂಬ ದುಡ್ಡಿದ್ದ ಮನುಷ್ಯ ಕಾಯಿಲೆ ಬಿದ್ದು, ವೈದ್ಯರ ಸಲಹೆಯಂತೆ ಸೈಕಲ್ ತುಳಿದು ಚೇತರಿಸಿಕೊಂಡು, ಆ ವರ್ಕ್‌ಶಾಪಿಗೇ ಹಣ ಹಾಕಿದ. 1888ರಲ್ಲಿ ರಾಲೇ ಕಂಪನಿ ಆಯಿತು. 1950ರ ದಶಕದಲ್ಲಿ ಅಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಸೈಕಲ್ ತಯಾರಾಗುತ್ತಿದ್ದವು. ಸಾವಿರಾರು ಕಾರ್ಮಿಕರಲ್ಲಿ ಹುಡುಗನಾಗಿದ್ದಾಗ ಅಲನ್ ಸಿಲಿಟೊ ಕೂಡ ಒಬ್ಬನಾಗಿದ್ದ. ಆತ ಮುಂದೆ ಕಾದಂಬರಿಕಾರನಾಗಿ, 1958ರಲ್ಲಿ ಬರೆದ 'ಸ್ಯಾಟರ್ಡೇ ನೈಟ್ ಅಂಡ್ ಸಂಡೇ ಮಾರ್ನಿಂಗ್' ಕೃತಿಯ ನಾಯಕ ಸೈಕಲ್ ಕಾರ್ಖಾನೆಯ ಲೇತ್ ಕೆಲಸಗಾರ.

ರಾಲೇ ಸೈಕಲ್ಲಿನ ಜೀವ ಇರುವುದು ಹಿಂದಿನ ಚಕ್ರದ ಹಬ್ಬಿನಲ್ಲಿ. 1902ರಲ್ಲಿ ಸ್ಟರ್ಮಿ-ಆರ್ಚರ್ ಹೆಸರಿನ ಮೂರು ಗೇರಿನ ಹಬ್ ಬಂತು. ಹೊರಗೆ ಕಾಣುವುದು ಒಂದೇ ಹಲ್ಲು ಚಕ್ರ, ಒಂದು ಸಣ್ಣ ಚೈನಿನಂಥ ಕೊಂಡಿ. ಗೇರೆಲ್ಲ ಡಬ್ಬಿಯ ಒಳಗೆ, ಧೂಳು ನೀರು ತಾಗದ ಹಾಗೆ. 1936ರಲ್ಲಿ ಬಂದ 'ಎಡಬ್ಲ್ಯು' ಮಾದರಿ ಎಲ್ಲಕ್ಕಿಂತ ಗಟ್ಟಿ. ನಡುವೆ 20 ಹಲ್ಲಿನ ಒಂದು ಚಕ್ರ ಅಲ್ಲಾಡದೆ ನಿಂತಿರುತ್ತದೆ, ಅದರ ಸುತ್ತ ನಾಲ್ಕು ಪುಟ್ಟ ಚಕ್ರಗಳು ಸುತ್ತುತ್ತವೆ, ಅವುಗಳನ್ನು ಬಳಸಿ 60 ಹಲ್ಲಿನ ಒಂದು ಉಂಗುರ. ಸೂರ್ಯನ ಸುತ್ತ ಗ್ರಹ ಸುತ್ತಿದ ಹಾಗೆ. ಗ್ರಹಗಳ ಕಡೆಯಿಂದ ತಿರುಗಿಸಿ ಉಂಗುರದಿಂದ ಶಕ್ತಿ ತೆಗೆದರೆ ಚಕ್ರ ಮೂರನೇ ಒಂದು ಭಾಗ ಹೆಚ್ಚು ಓಡುತ್ತದೆ. ಉಲ್ಟಾ ಮಾಡಿದರೆ ಕಾಲು ಭಾಗ ಕಡಿಮೆ, ಏರು ಹತ್ತಲು. ನಡುವಿನ ಗೇರಿನಲ್ಲಿ ನಮ್ಮ ಮಾಮೂಲಿ ಸೈಕಲ್ಲಿನ ಹಾಗೆ ನೇರ. ಇಷ್ಟೇ. ಈ ಹಬ್ ಇವತ್ತಿಗೂ ತಯಾರಾಗುತ್ತಿದೆ. 2000ರಲ್ಲಿ ಇಂಗ್ಲೆಂಡಿನ ಕಂಪನಿ ಮುಳುಗಿದಾಗ ತೈವಾನಿನ ಸನ್‌ರೇಸ್ ಕಂಪನಿ ಯಂತ್ರ ಸಮೇತ ಕೊಂಡುಕೊಂಡಿತು.

ಈ ಹಬ್ಬಿನ ಮೇಲೆ ಕಾರ್ಖಾನೆಯವರು ತಯಾರಾದ ವರ್ಷ, ತಿಂಗಳು ಒತ್ತುತ್ತಿದ್ದರು. 'ಎಡಬ್ಲ್ಯು' ಅಕ್ಷರದ ಹತ್ತಿರ 58 ಮತ್ತು 4 ಎಂದು ಇದ್ದರೆ 1958ರ ಏಪ್ರಿಲ್. ಹೀಗಾಗಿ ಬಣ್ಣ ಹೋಗಿ, ಬಿಲ್ಲು ಹರಿದು, ಕೈ ಬದಲಾಗಿ ಬಂದ ಸೈಕಲ್ಲಿಗೂ ಜಾತಕ ಸಿಗುತ್ತದೆ. ಯಾರೋ ಚಕ್ರ ಬದಲಿಸಿರದಿದ್ದರೆ ಮಾತ್ರ.

ಇಂಥ ಸೈಕಲ್ಲುಗಳು ಅಮೆರಿಕಕ್ಕೆ ಬಂದದ್ದು ಯುದ್ಧದ ನಂತರ. ಅಲ್ಲಿನ ಕಂಪನಿಗಳು ಆಗ ಹೆಚ್ಚಾಗಿ ಮಾಡುತ್ತಿದ್ದದ್ದು ದಪ್ಪ ಟೈರಿನ, ಭಾರದ, ಮಕ್ಕಳ ಸೈಕಲ್ಲು. ದೊಡ್ಡವರು ಕಾರಿಗೆ ಹೋಗಿಬಿಟ್ಟಿದ್ದರು. ತೆಳು ಟೈರಿನ, ಮೂರು ಗೇರಿನ ಇಂಗ್ಲಿಷ್ ಸೈಕಲ್ಲು ನೋಡಿ ಅಲ್ಲಿನವರಿಗೆ ಅದು ಹಕ್ಕಿಯಂತೆ ಹಗುರ ಕಂಡಿತು, 'ಇಂಗ್ಲಿಷ್ ರೇಸರ್' ಅಂತ ಹೆಸರಿಟ್ಟರು. ನಮ್ಮಲ್ಲಿ ಹುಲ್ಲಿನ ಹೊರೆ ಹೊರುವ ಸೈಕಲ್ಲಿನ ವಂಶದ್ದನ್ನು ಅವರು ರೇಸರ್ ಅಂದರು ನೋಡಿ! ಆಮದು ಎಷ್ಟು ಏರಿತು ಅಂದರೆ, 1955ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ತಮ್ಮ ದೇಶದ ಸೈಕಲ್ ಕಂಪನಿಗಳನ್ನು ಕಾಪಾಡಲು ಆಮದು ಸುಂಕ ಹೆಚ್ಚಿಸಬೇಕಾಯಿತು. 1970ರ ದಶಕದ ಮೊದಲಲ್ಲಿ ಅಲ್ಲಿ ಇನ್ನೊಂದು ಸೈಕಲ್ ಹುಚ್ಚು ಬಂತು. 1973ರ ಒಂದೇ ವರ್ಷದಲ್ಲಿ ಒಂದೂವರೆ ಕೋಟಿ ಸೈಕಲ್ ಮಾರಾಟವಾದವು. ಆದರೆ ಈ ಸಲ ಎಲ್ಲರಿಗೂ ಬಾಗಿದ ಹ್ಯಾಂಡಲ್ಲಿನ ಹತ್ತು ಗೇರಿನ ಸೈಕಲ್ ಬೇಕಿತ್ತು. ಮೂರು ಗೇರಿನವು ಗರಾಜು ಸೇರಿದವು, ನೆಲಮಾಳಿಗೆ ಸೇರಿದವು. ಯಾರೂ ಎಸೆಯಲಿಲ್ಲ, ಯಾರೂ ತುಳಿಯಲೂ ಇಲ್ಲ. ನಲವತ್ತು ವರ್ಷದ ನಂತರ ಮನೆಯ ಹಿರಿಯರು ತೀರಿಕೊಂಡಾಗ ಮಕ್ಕಳು ಮನೆ ಮುಂದೆ ಹಳೇ ಸಾಮಾನು ಮಾರಾಟಕ್ಕೆ ಇಟ್ಟರೆ, ಅದರಲ್ಲಿ ಧೂಳು ಹಿಡಿದ ಒಂದು ರಾಲೇ ಇರುತ್ತಿತ್ತು. ಇವತ್ತಿನ ಸಂಗ್ರಹಕಾರರಲ್ಲಿ ತುಂಬ ಜನರ ಕತೆ ಶುರುವಾಗುವುದು ಹೀಗೆ. ದೊಡ್ಡ ಶ್ರೀಮಂತರ ಹವ್ಯಾಸ ಇದಲ್ಲ. ಕಾರು ಸಂಗ್ರಹಿಸುವವರು ಬೇರೆ, ಇವರು ಬೇರೆ.

ಸಂಗ್ರಹಿಸುವ ರೂಢಿ ಇದಕ್ಕೂ ಹಳೆಯದು. ಇಂಗ್ಲೆಂಡಿನಲ್ಲಿ ಹಳೇ ಸೈಕಲ್ಲಿನವರ ಸಂಘ 1955ರಲ್ಲೇ ಹುಟ್ಟಿತು. ಅಮೆರಿಕದಲ್ಲಿ 1967ರಲ್ಲಿ 'ದಿ ವೀಲ್‌ಮೆನ್' ಎಂಬ ಸಂಘ, ಮುಖ್ಯವಾಗಿ ಆನೆ ಗಾತ್ರದ ಮುಂದಿನ ಚಕ್ರ ಇರುವ 19ನೇ ಶತಮಾನದ ಸೈಕಲ್ಲುಗಳಿಗೆ. ಮೂರು ಗೇರಿನ ಕೂಲಿಕಾರರ ಸೈಕಲ್ಲಿಗೆ ಮರ್ಯಾದೆ ಸಿಕ್ಕಿದ್ದು ಬಹಳ ತಡವಾಗಿ.

ಚಳಿಗಾಲದ ಕೆಲಸ ಏನು? ಸೈಕಲ್ ಶಾಪ್ ನೋಡಿದವರಿಗೆ ಎಲ್ಲವೂ ಗೊತ್ತಿರುವುದೇ. ಪೆಡಲ್ ಕಡ್ಡಿ ಬಿಡಿಸಲು ಕಾಟರ್ ಪಿನ್ ಹೊಡೆದು ತೆಗೆಯಬೇಕು. ಐವತ್ತು ವರ್ಷದಿಂದ ಕೂತ ಪಿನ್ನು ಸುತ್ತಿಗೆಗೆ ಬಗ್ಗುತ್ತದೆ ಹೊರತು ಬರುವುದಿಲ್ಲ. ಹಿಂದಿನ ದಿನವೇ ಎಣ್ಣೆ ಬಿಟ್ಟು, ಕೆಳಗೆ ಪೈಪಿನ ಆಸರೆ ಕೊಟ್ಟು ಹೊಡೆಯಬೇಕು. ಹಬ್ ಬಿಚ್ಚಿ, ಗಟ್ಟಿಯಾಗಿ ಅಂಟಿದ ಹಳೇ ಎಣ್ಣೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಕೂದಲಿನಷ್ಟು ಸಣ್ಣ ಸ್ಪ್ರಿಂಗುಗಳನ್ನು ಬದಲಿಸಿ, ಹೊಸ ಎಣ್ಣೆ ಬಿಡಬೇಕು. ಹಬ್ಬಿನ ಮೇಲೆ ಎಣ್ಣೆ ಬಿಡಲೆಂದೇ ಮುಚ್ಚಳ ಇರುವ ತೂತು ಇರುತ್ತದೆ. ತಿಂಗಳಿಗೆ ನಾಲ್ಕು ಹನಿ ಬಿಟ್ಟರೆ ಆ ಯಂತ್ರ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ. ಬಹುಪಾಲು ಜನ ಅದನ್ನು ಮುಚ್ಚಳ ಎಂದೇ ತಿಳಿದಿರಲಿಲ್ಲ. ಬ್ರೂಕ್ಸ್ ಚರ್ಮದ ಸೀಟಿಗೆ ಎಣ್ಣೆ ಮೇಣ ತಿಕ್ಕಿ ಬಿರುಕು ಬಿಡದಂತೆ ನೋಡಿಕೊಳ್ಳಬೇಕು. ತುಕ್ಕು ಹಿಡಿದ ರಿಮ್ಮನ್ನು ಆಕ್ಸಾಲಿಕ್ ಆಸಿಡ್ ಕಲಸಿದ ನೀರಿನಲ್ಲಿ ನೆನೆಹಾಕುವವರು ಇದ್ದಾರೆ. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ. ಕ್ರೋಮಿನ ಸಣ್ಣ ತುಕ್ಕಿಗೆ ಅಲ್ಯೂಮಿನಿಯಂ ಹಾಳೆ ಮುದುಡಿ ನೀರಿನಲ್ಲಿ ಅದ್ದಿ ತಿಕ್ಕಿದರೂ ಸಾಕು. ಬೇಕಾದರೆ ನಿಮ್ಮ ಹ್ಯಾಂಡಲ್ ಮೇಲೆ ನೋಡಿ.

ರಾಲೇ ಸೈಕಲ್ಲಿಗೆ ಇನ್ನೊಂದು ತಲೆನೋವು. ಉಳಿದ ಇಂಗ್ಲಿಷ್ ಕಂಪನಿಗಳು ಒಂದಿಂಚಿಗೆ 24 ಮರೆ ಕೊಯ್ದರೆ ರಾಲೇ ಕಂಪನಿ 26 ಮರೆ ಕೊಯ್ದಿತು. ಬೇರೆ ಕಂಪನಿಯ ಕಪ್ಪು ಅದಕ್ಕೆ ಕೂರುವುದಿಲ್ಲ. ಒಂದು ಕಪ್ಪಿಗಾಗಿ ಇಡೀ ಚಳಿಗಾಲ ಹುಡುಕುತ್ತಾರೆ. ಏಪ್ರಿಲ್ ಕೊನೆಯಲ್ಲಿ ಮಿಷಿಗನ್ ರಾಜ್ಯದ ಆನ್ ಆರ್ಬರ್ ಹತ್ತಿರ ಹಳೇ ಸೈಕಲ್ಲುಗಳ ಸಂತೆ ನಡೆಯುತ್ತ ಬಂದಿದೆ. ಸವಾರಿ ಶುರುವಾಗುವ ಮೊದಲು ಬಿಡಿಭಾಗ ಕೊಳ್ಳಲು ಅದೇ ಕೊನೆಯ ಅವಕಾಶ. ನಮ್ಮ ಬಿತ್ತನೆಗೆ ಮುಂಚಿನ ಸಂತೆಯ ಗಲಾಟೆಯೇ ಅಲ್ಲೂ.

ಈ ಜನರ ನಡುವೆ ಮುಗಿಯದ ಜಗಳ ಒಂದಿದೆ. ಹಳೇ ಸೈಕಲ್ಲಿಗೆ ಹೊಸ ಬಣ್ಣ ಹೊಡೆಯಬೇಕೇ ಬೇಡವೇ? ಬಣ್ಣ ಹೊಡೆದು, ಕ್ರೋಮ್ ಹಾಕಿಸಿ ಹೊಸದರಂತೆ ಮಾಡಿದರೇ ಅದಕ್ಕೆ ಗೌರವ ಅನ್ನುವವರು ಒಂದು ಕಡೆ. ಕಾರ್ಖಾನೆಯ ಬಣ್ಣ ಒಂದೇ ಸಲ ಸಿಗುವುದು, ಕೆತ್ತಿ ತೆಗೆದರೆ ಚಿನ್ನದ ಗೆರೆ, ಸ್ಟಿಕ್ಕರ್, ಯಾರೋ ಗೋಡೆಗೆ ಒರಗಿಸಿದ ಗೀರು ಎಲ್ಲ ಹೋಗಿಬಿಡುತ್ತದೆ ಅನ್ನುವವರು ಇನ್ನೊಂದು ಕಡೆ. ನಾನು ಎರಡನೆಯವರ ಪಕ್ಷ. ನಮ್ಮ ಹಳೇ ದೇವಸ್ಥಾನಗಳ ಕಲ್ಲಿನ ಕಂಬಕ್ಕೆ ಆಯಿಲ್ ಪೇಂಟ್ ಬಳಿದದ್ದನ್ನು ವರದಿ ಮಾಡಿ ಮಾಡಿ ನನಗೆ ಹೊಸ ಬಣ್ಣದ ಮೇಲೆ ನಂಬಿಕೆ ಹೋಗಿದೆ.

ಈಗ ನಮ್ಮ ಕಡೆ ನೋಡಿ. ಇಂಗ್ಲಿಷ್ ಸೈಕಲ್ ನಮ್ಮಲ್ಲಿಗೆ ಆಮದಾಗಿ ಬಂತು. ರಾಲೇ, ಹಂಬರ್, ರಡ್ಜ್, ಬಿಎಸ್‌ಎ, ಹರ್ಕ್ಯುಲಿಸ್. ಸ್ವಾತಂತ್ರ್ಯದ ನಂತರ ಇಲ್ಲೇ ಕಾರ್ಖಾನೆಗಳು ಎದ್ದವು. 1949ರಲ್ಲಿ ಮದ್ರಾಸಿನ ಮುರುಗಪ್ಪ ಕುಟುಂಬ ಬ್ರಿಟನ್ನಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಜೊತೆ ಸೇರಿ ಟಿಐ ಸೈಕಲ್ಸ್ ಕಟ್ಟಿತು. ದಕ್ಷಿಣದ ಹರ್ಕ್ಯುಲಿಸ್ ಅಲ್ಲಿಂದ ಬಂದದ್ದು. ಬಂಗಾಳದ ಅಸನ್ಸೋಲ್‌ನಲ್ಲಿ ಸೆನ್-ರಾಲೇ. 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ. ಇಂಗ್ಲೆಂಡಿನವರು ನಮೂನೆ ಬದಲಿಸುತ್ತ ಹೋದರು, ಕೊನೆಗೆ 2002ರಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ಸೈಕಲ್ ಜೋಡಿಸುವುದನ್ನೇ ನಿಲ್ಲಿಸಿದರು. ನಾವು ನಮೂನೆ ಬದಲಿಸಲಿಲ್ಲ. ಅದೇ 28 ಇಂಚಿನ ಚಕ್ರ, ಅದೇ ಸರಳು ಬ್ರೇಕ್, ಅದೇ ಕಾಟರ್ ಪಿನ್. ಹಾಗಾಗಿ ಏನಾಗಿದೆ ಗೊತ್ತೇ? ಅಮೆರಿಕದಲ್ಲಿ ಸರಳು ಬ್ರೇಕಿನ ದೊಡ್ಡ ರಾಲೇ ಇಟ್ಟುಕೊಂಡವರಿಗೆ ಅಲ್ಲಿನ ಅಂಗಡಿಯಲ್ಲಿ ಟೈರ್ ಸಿಗುವುದಿಲ್ಲ. 28 ಇಂಟು ಒಂದೂವರೆ ಅಳತೆಯ ಆ ಟೈರ್ ಇವತ್ತಿಗೂ ಭಾರತದಲ್ಲಿ ತಯಾರಾಗುತ್ತದೆ. ನಮ್ಮ ತಾಲ್ಲೂಕು ಕೇಂದ್ರದ ಯಾವುದೇ ಸೈಕಲ್ ಅಂಗಡಿಯಲ್ಲಿ ಗೋಡೆಗೆ ನೇತುಹಾಕಿರುವ ಟೈರ್ ಅದು.

ಆದರೆ ನಮ್ಮಲ್ಲೂ ಆ ಕಾಲ ಮುಗಿಯುತ್ತಿದೆ. 2020ರ ಜೂನ್ 3ರಂದು, ಅಂದರೆ ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ತನ್ನ ಸಾಹಿಬಾಬಾದ್ ಕಾರ್ಖಾನೆ ಮುಚ್ಚಿತು. ಊರಿನಲ್ಲಿ ಗಂಟೆಗೆ ಬಾಡಿಗೆ ಸೈಕಲ್ ಕೊಡುತ್ತಿದ್ದ ಅಂಗಡಿಗಳು ಬೈಕ್ ಪಂಕ್ಚರ್ ಅಂಗಡಿಯಾದವು. ಪಂಚಾಯಿತಿ ಬಿಲ್ಲೆಯ ತೆರಿಗೆ ಹೋಯಿತು. ಚಕ್ರದ ಬೆಂಡ್ ತೆಗೆಯುವ ಕೆಲಸ ಗೊತ್ತಿರುವವರು, ಅಂದರೆ ಕಡ್ಡಿ ಬೆರಳಿನಲ್ಲಿ ಮೀಟಿ ಸದ್ದಿನಿಂದಲೇ ಬಿಗಿ ಹೇಳುವವರು, ನಮ್ಮ ತಾಲ್ಲೂಕಿನಲ್ಲಿ ಎಲ್ಲರೂ ಅರವತ್ತು ದಾಟಿದವರು. ಅವರ ಮಕ್ಕಳು ಆ ಕೆಲಸಕ್ಕೆ ಬರಲಿಲ್ಲ, ಬರಬೇಕಿತ್ತು ಅಂತ ನಾನು ಹೇಳಲಾರೆ, ಅದರಲ್ಲಿ ದುಡ್ಡಿಲ್ಲ. ಆದರೆ ಅವರಿಗೆ ಗೊತ್ತಿರುವುದನ್ನು ಯಾರೂ ಬರೆದಿಟ್ಟಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಶೆಲ್ಡನ್ ಬ್ರೌನ್ ಎಂಬ ಸೈಕಲ್ ಮೆಕ್ಯಾನಿಕ್ ಇದ್ದರು. ಕಾಟರ್ ಪಿನ್ ತೆಗೆಯುವುದರಿಂದ ಹಿಡಿದು ಮೂರು ಗೇರಿನ ಹಬ್ ಬಿಚ್ಚುವವರೆಗೆ ತಮಗೆ ಗೊತ್ತಿದ್ದನ್ನೆಲ್ಲ ಬರೆದು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಇಟ್ಟರು. ಅವರು 2008ರಲ್ಲಿ ತೀರಿಕೊಂಡರು. ಆ ಪುಟಗಳನ್ನು ಓದಿಕೊಂಡೇ ಇವತ್ತಿಗೂ ಎಷ್ಟೋ ಜನ ಚಳಿಗಾಲದಲ್ಲಿ ಹಬ್ ಬಿಚ್ಚುತ್ತಾರೆ. ಕನ್ನಡದಲ್ಲಿ ಅಂಥದ್ದು ನನಗೆ ಸಿಕ್ಕಿಲ್ಲ. ನಿಮ್ಮ ಊರಿನ ಸೈಕಲ್ ಮೇಸ್ತ್ರಿ ಚಕ್ರ ಕಟ್ಟುವುದನ್ನು ಫೋನಿನಲ್ಲಿ ಹತ್ತು ನಿಮಿಷ ವಿಡಿಯೊ ಮಾಡಲು ಖರ್ಚೇನೂ ಇಲ್ಲ.

ಇನ್ನೊಂದು. ದೀಪಾವಳಿ, ಯುಗಾದಿಗೆ ಅಟ್ಟ ಗುಡಿಸುವಾಗ, ದನದ ಕೊಟ್ಟಿಗೆಯ ಮೂಲೆಯಲ್ಲಿ ಹಳೇ ಸೈಕಲ್ ಕಂಡರೆ ಗುಜರಿಯವನನ್ನು ಕೂಗುವ ಮೊದಲು ಒದ್ದೆ ಬಟ್ಟೆ ತೆಗೆದುಕೊಳ್ಳಿ. ಮುಂದಿನ ಹ್ಯಾಂಡಲ್ ಕೆಳಗೆ ಪೈಪಿನ ಮೇಲೆ ಲೋಹದ ಬಿಲ್ಲೆ ಇದೆಯಾ ನೋಡಿ, ಅದರಲ್ಲಿ ನಾಟಿಂಗ್‌ಹ್ಯಾಮ್ ಅಥವಾ ಬರ್ಮಿಂಗ್‌ಹ್ಯಾಮ್ ಎಂದು ಇರಬಹುದು, ಮದ್ರಾಸ್ ಅಥವಾ ಅಸನ್ಸೋಲ್ ಎಂದೂ ಇರಬಹುದು. ಸೀಟಿನ ಕೆಳಗೆ ಪೈಪು ಸೇರುವ ಕಡೆ ನಂಬರ್ ಒತ್ತಿರುತ್ತಾರೆ. ಹಿಂದಿನ ಹಬ್ ಸಾಮಾನ್ಯಕ್ಕಿಂತ ದಪ್ಪಗಿದ್ದು, ಬಲಗಡೆ ಆಕ್ಸಲ್ ತುದಿಯಿಂದ ಸಣ್ಣ ಚೈನು ಹೊರಗೆ ಬಂದಿದ್ದರೆ ಅದು ಮೂರು ಗೇರಿನದು. ಗ್ರೀಸು ಒರೆಸಿ, ಟಾರ್ಚ್ ಹಾಕಿ, ಅಕ್ಷರದ ಪಕ್ಕದ ಎರಡು ಅಂಕಿ ಓದಿ.